ಮನೆಯ ನಾಯಿ-ಬೆಕ್ಕು ಮತ್ತು ನಮ್ಮ ಹೊಣೆ

(ಸಂಘದ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ವಾಚನಾಲಯದ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ಪುಸ್ತಕ ತೆಗೆದುಕೊಡುವುದು, ಪತ್ರಿಕೆಗಳನ್ನು ಒಪ್ಪವಾಗಿ ಜೋಡಿಸಿಡುವುದು ನನ್ನ ಕೆಲಸ. ವೇದಿಕೆಯ ಮೇಲೆ ನಿಂತು ಮಾತನಾಡುವುದು ನನ್ನ ಕೆಲಸವಲ್ಲ. ನಾನು ಪಶುವೈದ್ಯನೂ ಅಲ್ಲ, ವಿಜ್ಞಾನ ಓದಿದವನೂ ಅಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಲೆಕ್ಕದ ವಹಿ ಬರೆಯುವ ಒಬ್ಬ ಕಾರಕೂನ. ಹಾಗಿದ್ದೂ ಈ ವಿಷಯದ ಮೇಲೆ ನಾಲ್ಕು ಮಾತು ಹೇಳಲು ಒಪ್ಪಿಕೊಂಡಿದ್ದೇನೆ. ಏಕೆಂದರೆ ನಾಯಿ ಸಾಕುವ ಕೆಲಸದಲ್ಲಿ ನಾನು ತಪ್ಪು ಮಾಡಿ, ಅದಕ್ಕೆ ಬೆಲೆ ತೆತ್ತು, ಆಮೇಲೆ ಬುದ್ಧಿ ಕಲಿತವನು. ನಾನು ತೆತ್ತ ಬೆಲೆಯನ್ನು ನೀವು ತೆರಬೇಕಾಗಿಲ್ಲ.

ಮೊದಲಿಗೆ ನಮ್ಮ ನಾಡಿನ ಒಂದು ಸಂಗತಿಯನ್ನು ಜ್ಞಾಪಿಸುತ್ತೇನೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಒಂದು ವೀರಗಲ್ಲು ಇದೆ. ಅದು ಕ್ರಿ.ಶ. 949-50ರ ಸುಮಾರಿನದು. ಆಗ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ದೊಡ್ಡ ಯುದ್ಧವಾಯಿತು. ಗಂಗರ ದೊರೆ ಬೂತುಗನು ಕೃಷ್ಣನ ಪಕ್ಷದಲ್ಲಿದ್ದನು. ಬೂತುಗನ ಕಡೆಯ ಮಣಲೇರನೆಂಬ ವೀರನ ಪರಾಕ್ರಮವನ್ನು ಮೆಚ್ಚಿ ಒಡೆಯನು “ಏನು ಬೇಕೋ ಬೇಡಿಕೋ” ಎಂದಾಗ, ಅವನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಆ ನಾಯಿ ಒಂದು ದೊಡ್ಡ ಕಾಡುಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಮಣಲೇರನು ಆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟನು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಾಯಿಯ ಮೇಲೆ ಅಷ್ಟು ಅಭಿಮಾನವಿದ್ದ ನಾಡು ನಮ್ಮದು. ಆದರೆ ಕಲ್ಲು ನೆಡುವುದು ಸತ್ತ ಮೇಲಿನ ಮಾತು. ಬದುಕಿರುವಾಗ ಏನು ಮಾಡಬೇಕು ಎಂಬುದೇ ಇಂದಿನ ನನ್ನ ವಿಷಯ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಮಗಳ ಹಟಕ್ಕೆ ಮಣಿದು ಒಂದು ನಾಯಿಮರಿಯನ್ನು ಕೊಂಡು ತಂದೆ. ಮಾರಿದವನು “ಸೂಜಿ ಎಲ್ಲ ಆಗಿದೆ ಸಾಹೇಬರೇ, ಇನ್ನು ಒಂದು ವರ್ಷ ಚಿಂತೆಯಿಲ್ಲ” ಎಂದ. ಒಂದು ಕಾರ್ಡನ್ನೂ ಕೊಟ್ಟ. ಅದರಲ್ಲಿ ತಾರೀಖು ಇರಲಿಲ್ಲ, ವೈದ್ಯರ ಸಹಿಯೂ ಇರಲಿಲ್ಲ. ಗಿರಣಿಯಲ್ಲಿ ತಾರೀಖಿಲ್ಲದ ಚೀಟಿಯನ್ನು ನಾನು ಮುಟ್ಟುವವನಲ್ಲ. ಮನೆಯಲ್ಲಿ ಮಾತ್ರ ನಂಬಿಬಿಟ್ಟೆ. ಹದಿನೈದು ದಿನಗಳಲ್ಲಿ ಮರಿ ಅನ್ನ ಬಿಟ್ಟಿತು. ಮರುದಿನ ವಾಂತಿ, ಅದರ ಮರುದಿನ ರಕ್ತಬೇಧಿ. “ಹೊಟ್ಟೆ ಕೆಟ್ಟಿರಬೇಕು” ಎಂದು ಮಜ್ಜಿಗೆ ಕುಡಿಸುತ್ತ ಕುಳಿತೆವು. ವೈದ್ಯರಲ್ಲಿಗೆ ಒಯ್ಯುವ ಹೊತ್ತಿಗೆ ಅದರ ಕಣ್ಣು ಒಳಗೆ ಹೋಗಿತ್ತು. ಆ ರಾತ್ರಿಯೇ ಸತ್ತಿತು.

ಇದು ಒಂದು ತಪ್ಪು. ಎರಡನೆಯದು ಇದಕ್ಕಿಂತ ದೊಡ್ಡದು. ಮಗಳ ಅಳು ನೋಡಲಾರದೆ ಎರಡು ತಿಂಗಳೊಳಗೆ ಇನ್ನೊಂದು ಮರಿಯನ್ನು ತಂದೆ. ನೆಲವನ್ನು ಫಿನೈಲಿನಿಂದ ಚೆನ್ನಾಗಿ ಒರೆಸಿದ್ದೆವು; ಅದೇ ಗೋಣಿತಾಟು, ಅದೇ ತಟ್ಟೆ. ಎಂಟು ದಿನಗಳಲ್ಲಿ ಅದಕ್ಕೂ ಅದೇ ಗತಿಯಾಯಿತು. ಆಗ ಪಶುವೈದ್ಯರು ನನ್ನನ್ನು ಕೂರಿಸಿಕೊಂಡು ವಿವರವಾಗಿ ಹೇಳಿದರು. ಅವರು ಹೇಳಿದ್ದನ್ನೇ ನಾನು ನಿಮಗೆ ಒಪ್ಪಿಸುತ್ತೇನೆ.

ಆ ರೋಗದ ಹೆಸರು ಪಾರ್ವೋ. ಪ್ರಪಂಚದಲ್ಲಿ ಇದನ್ನು ಮೊದಲು ಗುರುತಿಸಿದ್ದು 1978ರಲ್ಲಿ. ಆದುದರಿಂದ ನಮ್ಮ ಅಜ್ಜ-ಅಜ್ಜಿಯರು ನಾಯಿ ಸಾಕಿದ ಕಾಲದಲ್ಲಿ ಈ ಪಿಡುಗು ಇರಲಿಲ್ಲ. “ನಮ್ಮ ಊರಲ್ಲಿ ಯಾವ ಸೂಜಿಯೂ ಇಲ್ಲದೆ ಹತ್ತು ನಾಯಿ ಬೆಳೆದವು” ಎಂಬ ಮಾತು ಇಂದಿಗೆ ಸಲ್ಲದು. ಇದರ ವೈರಸ್ಸು ರೋಗಿಯ ಮಲದಲ್ಲಿ ಹೊರಬಿದ್ದು ನೆಲದಲ್ಲಿ, ಬಟ್ಟೆಯಲ್ಲಿ, ಚಪ್ಪಲಿಯ ಅಡಿಯಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮನೆಯ ಮಾಮೂಲು ಫಿನೈಲಿಗೆ ಅದು ಸಾಯುವುದಿಲ್ಲ. ಬ್ಲೀಚಿಂಗ್ ದ್ರವದ ಒಂದು ಪಾಲಿಗೆ ಮೂವತ್ತು ಪಾಲು ನೀರು ಸೇರಿಸಿ, ಮೊದಲು ಸಾಬೂನಿನಿಂದ ತೊಳೆದ ನೆಲದ ಮೇಲೆ ಹತ್ತು ನಿಮಿಷ ಹಸಿಯಾಗಿ ಬಿಟ್ಟರೆ ಸಾಯುತ್ತದೆ. ತಾಟು, ಹಾಸಿಗೆ ಮೊದಲಾದುವನ್ನು ಸುಟ್ಟುಬಿಡುವುದೇ ಲೇಸು. ರೋಗ ಬಂದುಹೋದ ಮನೆಗೆ ಪೂರ್ತಿ ಲಸಿಕೆಯಾಗದ ಮರಿಯನ್ನು ತರಲೇಕೂಡದು.

ಇನ್ನು, ಒಂದು ಸೂಜಿ ಹಾಕಿಸಿದರೆ ಸಾಲದೇ, ಮೂರು ನಾಲ್ಕು ಏಕೆ ಎಂದು ನಮ್ಮವರು ಕೇಳುತ್ತಾರೆ. ವೈದ್ಯರು ದುಡ್ಡಿಗಾಗಿ ಹೇಳುತ್ತಾರೆ ಎಂದು ನಾನೂ ತಿಳಿದಿದ್ದೆ. ಕಾರಣ ಹಾಗಲ್ಲ. ಮರಿ ಹುಟ್ಟಿದ ಕೂಡಲೇ ಕುಡಿಯುವ ಗಿಣ್ಣುಹಾಲಿನಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಮರಿಗೆ ಬರುತ್ತದೆ. ಅದು ಇರುವ ತನಕ ಲಸಿಕೆಯನ್ನೂ ಅದು ಹೊಡೆದುಹಾಕುತ್ತದೆ; ಲಸಿಕೆ ಹತ್ತುವುದಿಲ್ಲ. ತಾಯಿಯ ಶಕ್ತಿ ಒಂದು ಮರಿಗೆ ಎಂಟನೆಯ ವಾರದಲ್ಲಿ ಇಳಿಯಬಹುದು, ಇನ್ನೊಂದಕ್ಕೆ ಹದಿನಾಲ್ಕನೆಯ ವಾರದಲ್ಲಿ. ಎಂದು ಇಳಿಯಿತೆಂದು ಹೊರಗಿನಿಂದ ತಿಳಿಯದು. ಆದುದರಿಂದ 6ರಿಂದ 8 ವಾರದ ವಯಸ್ಸಿಗೆ ಮೊದಲ ಸೂಜಿ ಹಾಕಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, 16 ವಾರ ತುಂಬುವ ತನಕ ಹಾಕಿಸುತ್ತ ಹೋಗಬೇಕು. ಪಾರ್ವೋ, ಡಿಸ್ಟೆಂಪರ್, ಯಕೃತ್ತಿನ ಉರಿ ಮುಂತಾದ ರೋಗಗಳಿಗೆ ಸೇರಿ ಒಂದೇ ಸೂಜಿ ಇರುತ್ತದೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ, ಅಂದರೆ ರೇಬೀಸಿನ, ಲಸಿಕೆ ಬೇರೆ. ಆಮೇಲೆ ವೈದ್ಯರು ಬರೆದುಕೊಟ್ಟ ತಾರೀಖಿಗೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಮರುಲಸಿಕೆ. ಈ ಸರಣಿ ಮುಗಿಯುವ ತನಕ ಮರಿಯನ್ನು ಬೀದಿಯಲ್ಲಿ ಬಿಡಬಾರದು.

ಬೆಕ್ಕಿಗೂ ಇದೇ ಕ್ರಮ. ಬೆಕ್ಕಿಗೆ ಲಸಿಕೆ ಇದೆಯೆಂಬುದೇ ನಮ್ಮಲ್ಲಿ ಬಹಳ ಜನರಿಗೆ ತಿಳಿಯದು. ಪಾರ್ವೋವಿನ ದಾಯಾದಿಯಂತಿರುವ ಒಂದು ರೋಗ ಬೆಕ್ಕಿನ ಮರಿಗಳನ್ನು ಹಿಂಡುಹಿಂಡಾಗಿ ಒಯ್ಯುತ್ತದೆ. ಅದಕ್ಕೂ, ಬೆಕ್ಕಿನ ನೆಗಡಿ ರೋಗಗಳಿಗೂ ಎಂಟು ವಾರದ ಸುಮಾರಿಗೆ ಲಸಿಕೆ ಆರಂಭಿಸಬೇಕು. ರೇಬೀಸ್ ಲಸಿಕೆ ಅದಕ್ಕೂ ಮೂರು ತಿಂಗಳಿಗೇ.

ಎರಡಕ್ಕೂ ಜಂತುಹುಳದ ಔಷಧ ಅವಶ್ಯ. ಮರಿಗಳಿಗೆ ತಾಯಿಯ ಹೊಟ್ಟೆಯಲ್ಲಿದ್ದಾಗಲೇ, ಇಲ್ಲವೆ ಮೊಲೆಹಾಲಿನಿಂದಲೇ ಹುಳ ಹತ್ತುವುದುಂಟು. ಮರಿಯಾಗಿದ್ದಾಗ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಆರು ತಿಂಗಳು ದಾಟಿದ ಮೇಲೆ ಮೂರು ತಿಂಗಳಿಗೊಮ್ಮೆ ಎಂಬುದು ಸಾಮಾನ್ಯ ಕ್ರಮ. ಔಷಧದ ಪ್ರಮಾಣ ಮಾತ್ರ ತೂಕ ನೋಡಿ ವೈದ್ಯರೇ ಹೇಳತಕ್ಕದ್ದು. ಇದು ಪ್ರಾಣಿಯ ಸಲುವಾಗಿ ಮಾತ್ರವಲ್ಲ. ನಾಯಿಯ ಹುಳದ ಮೊಟ್ಟೆ ಮಣ್ಣಿನಿಂದ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಹೋಗಿ ಕಣ್ಣಿಗೂ ಯಕೃತ್ತಿಗೂ ತೊಂದರೆ ಮಾಡಿದ ಉದಾಹರಣೆಗಳಿವೆ.

ಇಷ್ಟೆಲ್ಲ ತಾರೀಖು ಯಾರಿಗೆ ನೆನಪಿರುತ್ತದೆ? ನನಗೂ ಇರುವುದಿಲ್ಲ. ಅದಕ್ಕೇ ಒಂದು ನೂರು ಪುಟದ ವಹಿ ಮಾಡಿದ್ದೇನೆ. ಎಡಕ್ಕೆ ತಾರೀಖು, ನಡುವೆ ಏನು ಕೊಟ್ಟಿತು, ಯಾವ ಸೂಜಿ, ಬಾಟಲಿಯ ಚೀಟಿ ಅಂಟಿಸಿದ್ದು. ಬಲಕ್ಕೆ ಮುಂದಿನ ತಾರೀಖು, ತೂಕ, ಖರ್ಚು. ಸಾಕುವುದೆಂದರೆ ಅನ್ನ ಹಾಕಿ ಬೆನ್ನು ಸವರುವುದಷ್ಟೇ ಅಲ್ಲ. ತಾರೀಖು ತಪ್ಪದೆ ನಡೆಸುವುದು. ಇದೇ ನನ್ನ ಭಾಷಣದ ತಿರುಳು. ಮೂರನೆಯ ನಾಯಿಯನ್ನು ನಾನು ತಂದದ್ದು ಒಂದು ವರ್ಷ ಬಿಟ್ಟು, ಬೀದಿಯ ಬೆಳೆದ ನಾಯಿಗೆ ಎಲ್ಲ ಲಸಿಕೆ ಮುಗಿಸಿಕೊಂಡು. ಆತಕೂರಿನ ನಾಯಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದೇವೆ. ನಮ್ಮ ಕಾಳಿಗೆ ಈಗ ಆರು ವರ್ಷ ದಾಟಿತು. ವಹಿಯಲ್ಲಿ ಒಂದು ತಾರೀಖೂ ತಪ್ಪಿಲ್ಲ.

ಊಟದ ವಿಷಯಕ್ಕೆ ಬರೋಣ. ನಮ್ಮ ಮನೆಗಳಲ್ಲಿ ಉಳಿದ ಅನ್ನ-ಸಾರನ್ನು ನಾಯಿಗೆ ಹಾಕುವುದು ವಾಡಿಕೆ. ಆದರೆ ಸಾರಿನಲ್ಲಿ, ಪಲ್ಯದಲ್ಲಿ ಈರುಳ್ಳಿ-ಬೆಳ್ಳುಳ್ಳಿ ಇರುತ್ತದೆ. ಹಸಿಯಾಗಲಿ ಬೆಂದದ್ದಾಗಲಿ, ಇವು ನಾಯಿ-ಬೆಕ್ಕುಗಳ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ಪ್ರಸಾದದ ಪಾಯಸವನ್ನು ಹಂಚುವಾಗ ಇದು ನೆನಪಿರಲಿ. ಚಾಕಲೇಟು ವಿಷ. ಬೇಯಿಸಿದ ಕೋಳಿಯ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ನಾಯಿಗೆ ಬರೀ ಮೊಸರನ್ನ ಸಾಲದು. ಮೊಟ್ಟೆ, ಬೇಯಿಸಿದ ಮಾಂಸ, ಇಲ್ಲವೆ ಅಂಗಡಿಯ ಸಿದ್ಧ ಆಹಾರ ಬೇಕು.

ಬೆಕ್ಕಿನ ಮಾತು ಇನ್ನೂ ಖಂಡಿತ. ಬೆಕ್ಕು ಮಾಂಸಾಹಾರಿ, ಅದಕ್ಕೆ ಬೇರೆ ದಾರಿಯಿಲ್ಲ. ಟಾರಿನ್ ಎಂಬ ಒಂದು ಪದಾರ್ಥ ಮಾಂಸ-ಮೀನುಗಳಲ್ಲಿದೆ, ಧಾನ್ಯ-ಬೇಳೆಗಳಲ್ಲಿ ಇಲ್ಲ. ಅದು ಸಾಲದಿದ್ದರೆ ಬೆಕ್ಕಿನ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಹಾಲನ್ನ ಹಾಕಿ ಬೆಕ್ಕು ಸಾಕಿದೆವು ಎನ್ನುವವರ ಬೆಕ್ಕು, ನಮಗೆ ಕಾಣದಂತೆ ಇಲಿ-ಹಲ್ಲಿ ಹಿಡಿದು ಬದುಕಿರುತ್ತದೆ. ಬಾಗಿಲು ಮುಚ್ಚಿದ ಫ್ಲಾಟಿನಲ್ಲಿ ಅದಕ್ಕೆ ಆ ದಾರಿಯೂ ಇಲ್ಲ. ಹಾಲು ಸಹ ಬಹಳ ದೊಡ್ಡ ಬೆಕ್ಕುಗಳಿಗೆ ಜೀರ್ಣವಾಗುವುದಿಲ್ಲ. ನಮ್ಮಲ್ಲಿ ಶಾಕಾಹಾರಿ ಮನೆಗಳು ಅನೇಕ. ಅವರಿಗೆ ನನ್ನ ವಿಜ್ಞಾಪನೆ: ಬೆಕ್ಕಿನ ಸಿದ್ಧ ಆಹಾರದ ಚೀಲವನ್ನು ಮನೆಯೊಳಗೆ ತರಲು ಒಪ್ಪಿಗೆಯಿದ್ದರೆ ಬೆಕ್ಕು ಸಾಕಿರಿ. ಒಪ್ಪಿಗೆಯಿಲ್ಲದಿದ್ದರೆ ಸಾಕಬೇಡಿರಿ. ನಮ್ಮ ವ್ರತವನ್ನು ಮೂಕ ಪ್ರಾಣಿಯ ಮೇಲೆ ಹೇರುವುದು ಧರ್ಮವಲ್ಲ.

ಔಷಧದ ಕಪಾಟಿನ ಬಗ್ಗೆ ಒಂದು ಎಚ್ಚರಿಕೆ. ಬೆಕ್ಕು ಬಿಸಿಯಾಗಿದೆಯೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಗುಳಿಗೆಯನ್ನು ಎಂದಿಗೂ ಕೊಡಬಾರದು. ಒಂದೇ ಗುಳಿಗೆ ಬೆಕ್ಕಿನ ಪ್ರಾಣ ತೆಗೆಯುತ್ತದೆ. ಅದನ್ನು ಅರಗಿಸುವ ಶಕ್ತಿ ಅದರ ಯಕೃತ್ತಿಗಿಲ್ಲ. ಮೇಲಾಗಿ, ನಾಯಿ-ಬೆಕ್ಕುಗಳ ಮೈ ಸಹಜವಾಗಿಯೇ ನಮಗಿಂತ ಬಿಸಿ: 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅವಕ್ಕೆ ಜ್ವರವಲ್ಲ. ಹಾಗೆಯೇ ನಾಯಿಯ ಉಣ್ಣೆಗೆಂದು ಮಾರುವ ಕೆಲವು ಔಷಧಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಅದನ್ನು ಬೆಕ್ಕಿಗೆ ಹಚ್ಚಿದರೆ ಸೆಳವು ಬಂದು ಸಾಯುತ್ತದೆ. ಫಿನೈಲಿನಲ್ಲಿ ಒರೆಸಿದ ಹಸಿ ನೆಲದ ಮೇಲೆ ನಡೆದು ಬೆಕ್ಕು ಪಾದ ನೆಕ್ಕಿಕೊಂಡರೂ ಅಪಾಯವೇ. ಇಲಿಪಾಷಾಣ, ನುಸಿಗುಳಿಗೆ ಇವುಗಳನ್ನು ಬೀಗದೊಳಗೆ ಇಡತಕ್ಕದ್ದು.

ಉಣ್ಣೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಉಣ್ಣೆ ರಕ್ತ ಹೀರುವುದಷ್ಟೇ ಅಲ್ಲ, ರಕ್ತದೊಳಗೆ ರೋಗಾಣುಗಳನ್ನು ಬಿಡುತ್ತದೆ. ನಾಯಿ ಅನ್ನ ಬಿಟ್ಟು ಮಂಕಾಗಿ, ವಸಡು ಬಿಳಿಚಿಕೊಂಡು, ಮೂಗಿನಿಂದ ರಕ್ತ ಬಂದರೆ ಉಣ್ಣೆಜ್ವರವೆಂದು ಸಂಶಯಪಟ್ಟು ರಕ್ತಪರೀಕ್ಷೆ ಮಾಡಿಸಬೇಕು. ವಾರಕ್ಕೊಮ್ಮೆ ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ನೋಡಿರಿ. ಸಿಕ್ಕಿದ ಉಣ್ಣೆಯನ್ನು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಬೆರಳಿನಲ್ಲಿ ಹಿಸುಕಬೇಡಿರಿ.

ಈ ಮುಂಬಯಿಯ ಮಳೆಗಾಲದಲ್ಲಿ ಇಲಿಜ್ವರದ ಭಯ ಬೇರೆ. ಇಲಿಯ ಮೂತ್ರ ಕಲೆತ ನೀರಿನಿಂದ ಅದು ಮನುಷ್ಯರಿಗೂ ನಾಯಿಗೂ ಬರುತ್ತದೆ. 2005ರ ಜುಲೈ 26ರ ಮಹಾಮಳೆಯ ಮೇಲೆ ಈ ಊರಿನಲ್ಲಿ ಎಷ್ಟು ಮಂದಿ ಇದರಿಂದ ನರಳಿದರೆಂದು ಹಿರಿಯರಿಗೆ ನೆನಪಿರಬಹುದು. ನಾಯಿಗೆ ಇದರ ಲಸಿಕೆ ಇದೆ, ಕೇಳಿ ಹಾಕಿಸಿರಿ. ನಿಂತ ನೀರಿನಲ್ಲಿ ನಡೆದು ಬಂದ ನಾಯಿಯ ಕಾಲನ್ನು ತೊಳೆದು ಒರೆಸಿರಿ. ಬೇಸಗೆಯಲ್ಲಿ ಟಾರು ರಸ್ತೆಯ ಮೇಲೆ ನಿಮ್ಮ ಅಂಗೈ ಹಿಂಭಾಗವನ್ನು ಐದು ಸೆಕೆಂಡು ಇಡಲಾಗದಿದ್ದರೆ ನಾಯಿಯನ್ನೂ ನಡೆಸಬೇಡಿರಿ. ಚಾಳಿನ ಗ್ಯಾಲರಿಗೆ, ಫ್ಲಾಟಿನ ಕಿಟಕಿಗೆ ಜಾಳಿಗೆ ಹಾಕಿಸಿರಿ; ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತದೆ ಎನ್ನುವವರು, ದವಡೆ ಒಡೆದು ಬಂದ ಬೆಕ್ಕನ್ನು ನೋಡಿಲ್ಲ. ಗಂಡುಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕುಳಿತು ತಿಣುಕಿ ಒಂದು ಹನಿಯೂ ಬಾರದಿದ್ದರೆ, ಅದು ಮಲಬದ್ಧತೆಯಲ್ಲ, ಮೂತ್ರನಾಳ ಕಟ್ಟಿದೆ. ಬೆಳಗಾಗಲಿ ಎನ್ನದೆ ಆಗಲೇ ಒಯ್ಯಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ: ಹುಚ್ಚುನಾಯಿ ರೋಗ. ದಯವಿಟ್ಟು ಇದನ್ನು ಗಮನವಿಟ್ಟು ಕೇಳಬೇಕು.

ನಮ್ಮ ವಾಚನಾಲಯಕ್ಕೆ ಮಕ್ಕಳ ಪತ್ರಿಕೆ ಓದಲು ಬರುವ ಒಬ್ಬ ಹುಡುಗ ಒಂದು ಸಂಜೆ ಎಡಗೈಯಿಂದ ಪುಟ ತಿರುವುತ್ತಿದ್ದ. ಬಲಗೈಗೆ ಬಟ್ಟೆ ಸುತ್ತಿತ್ತು, ಅರಿಸಿನದ ಕಲೆ ಕಾಣುತ್ತಿತ್ತು. “ಏನಾಯಿತೋ ತಮ್ಮಾ?” ಎಂದೆ. “ಏನಿಲ್ಲ ಮಾಮಾ, ಮರಿ ಆಡುತ್ತ ಕಚ್ಚಿತು” ಎಂದ. ಎಂದು ಎಂದರೆ, ಮೊನ್ನೆಯ ಆಚೆ ದಿನ. ತಾಯಿ ಸುಣ್ಣ-ಮೆಣಸಿನಪುಡಿ ಹಚ್ಚಿದ್ದಳು. ಒಂದು ದವಾಖಾನೆಗೂ ಹೋಗಿದ್ದರು. ಅಲ್ಲಿ “ಸಣ್ಣ ಮರಿ, ಸಣ್ಣ ಗಾಯ” ಎಂದು ಮುಲಾಮು ಕೊಟ್ಟು ಕಳಿಸಿದ್ದರು. ನಾನು ವಾಚನಾಲಯದ ಬಾಗಿಲು ಹಾಕಿ, ಹುಡುಗನ ತಾಯಿಯನ್ನು ಕರೆದುಕೊಂಡು, ಮೊದಲು ನಲ್ಲಿಯ ಕೆಳಗೆ ಸಾಬೂನಿನಿಂದ ಗಾಯ ತೊಳೆಸಿ, ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗೆ ಹೋದೆ. ಅಲ್ಲಿನ ವೈದ್ಯರು ಗಾಯದ ಸುತ್ತ ಸೀರಮ್ ಕೊಟ್ಟು, ಲಸಿಕೆ ಆರಂಭಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ಆ ನಾಯಿಮರಿ ಅಂದಿನಿಂದ ಮೂರನೆಯ ದಿನ ಸತ್ತುಹೋಯಿತು. ಏನು ರೋಗವಿತ್ತೆಂದು ಯಾರೂ ಪರೀಕ್ಷಿಸಲಿಲ್ಲ. ಕಸದ ಗಾಡಿಯಲ್ಲಿ ಹೋಯಿತು. ಹುಡುಗ ಎಲ್ಲ ಸೂಜಿಯನ್ನೂ ಪೂರೈಸಿದ, ಚೆನ್ನಾಗಿದ್ದಾನೆ. ಆದರೆ ಅವನು ಆ ಸಂಜೆ ಓದಲು ಬಾರದೆ ಹೋಗಿದ್ದರೆ ಎಂದು ನೆನೆದಾಗ ಇಂದಿಗೂ ನನ್ನ ಮೈ ನಡುಗುತ್ತದೆ.

ಏಕೆಂದರೆ ಈ ರೋಗದ ಲಕ್ಷಣ ಒಮ್ಮೆ ಕಂಡಿತೆಂದರೆ ಆಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಇದರಿಂದ ಸಾಯುತ್ತಾರೆಂದು ಅಂದಾಜು; ಮನುಷ್ಯರಿಗೆ ತಗಲುವ ನೂರರಲ್ಲಿ ತೊಂಬತ್ತೊಂಬತ್ತರಷ್ಟು ನಾಯಿಯಿಂದಲೇ. ವೈರಸ್ಸು ಜೊಲ್ಲಿನಲ್ಲಿರುತ್ತದೆ. ಗಾಯದೊಳಗೆ ಹೊಕ್ಕು ನರಗಳ ಹಾದಿಯಲ್ಲಿ ಮೆಲ್ಲಮೆಲ್ಲನೆ ಮಿದುಳಿಗೆ ಏರುತ್ತದೆ. ಸಾಮಾನ್ಯವಾಗಿ ಇದಕ್ಕೆ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ವರ್ಷ. ಅದು ಮಿದುಳನ್ನು ಮುಟ್ಟುವ ಮೊದಲು ಲಸಿಕೆಯ ಶಕ್ತಿ ಮೈಯಲ್ಲಿ ಹುಟ್ಟಬೇಕು. ಇಲ್ಲಿ ಎಲ್ಲವೂ ವೇಳೆಯ ಪ್ರಶ್ನೆ.

ಆದುದರಿಂದ, ನಾಯಿಯಾಗಲಿ ಬೆಕ್ಕಾಗಲಿ ಕಚ್ಚಿದರೆ, ಪರಚಿದರೆ, ಅಥವಾ ಒಡೆದ ಚರ್ಮದ ಮೇಲೆ ನೆಕ್ಕಿದರೆ, ಮಾಡತಕ್ಕದ್ದು ಇಷ್ಟು. ಒಂದು, ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯುವುದು. ಸಾಬೂನು ಈ ವೈರಸ್ಸನ್ನು ಕೊಲ್ಲುತ್ತದೆ; ಇದು ಬಡವನ ಮನೆಯಲ್ಲೂ ಇರುವ ಮದ್ದು. ಎರಡು, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಎಣ್ಣೆ ಯಾವುದನ್ನೂ ಹಚ್ಚದಿರುವುದು. ಮೂರು, ಅಂದೇ ಆಸ್ಪತ್ರೆಗೆ ಹೋಗುವುದು. ಸರಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ಮತ್ತೆ ಅಲ್ಲಿಂದ 3, 7 ಮತ್ತು 28ನೆಯ ದಿನ. ಗಾಯದಿಂದ ರಕ್ತ ಬಂದಿದ್ದರೆ ಸೀರಮ್ ಕೂಡ ಬೇಕೇ ಎಂದು ನೀವಾಗಿ ಕೇಳಿರಿ. ನಾಲ್ಕು, ನಡುವೆ ಬಿಡದಿರುವುದು. ಕಚ್ಚಿದ ನಾಯಿಯನ್ನೋ ಬೆಕ್ಕನ್ನೋ ಕೊಲ್ಲದೆ ಹತ್ತು ದಿನ ಕಣ್ಣಿಟ್ಟು ನೋಡಿರಿ. ಹತ್ತು ದಿನವೂ ಅದು ಚೆನ್ನಾಗಿದ್ದರೆ ಮುಂದಿನ ಸೂಜಿಗಳ ವಿಷಯವನ್ನು ವೈದ್ಯರು ತೀರ್ಮಾನಿಸುತ್ತಾರೆ. ಆದರೆ ನೋಡೋಣವೆಂದು ಮೊದಲ ಸೂಜಿಯನ್ನು ತಡಮಾಡಬಾರದು.

ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹೆದರಿಕೆಯಿಂದ ಮುಚ್ಚಿಡುವವರು ಇನ್ನೂ ಇದ್ದಾರೆ. ಅದು ಹಳೆಯ ಕಾಲದ ಲಸಿಕೆ; ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಯಿತು. ಈಗಿನದು ತೋಳಿಗೆ ಕೊಡುವ ಸಣ್ಣ ಸೂಜಿ. 1885ರ ಜುಲೈ 6ರಂದು ಪ್ಯಾರಿಸಿನಲ್ಲಿ ಲೂಯಿ ಪಾಶ್ಚರರು 9 ವರ್ಷದ ಒಬ್ಬ ಹುಡುಗನಿಗೆ ಮೊದಲ ಬಾರಿ ಈ ಚಿಕಿತ್ಸೆ ಕೊಟ್ಟು ಉಳಿಸಿದರು. ನಮ್ಮ ದೇಶದ ಕಸೌಲಿಯಲ್ಲಿ 1900ರಲ್ಲಿಯೂ, ಕೂನೂರಿನಲ್ಲಿ 1907ರಲ್ಲಿಯೂ ಪಾಶ್ಚರ್ ಸಂಸ್ಥೆಗಳಾದವು. ಇಷ್ಟು ಕಾಲದಿಂದ ಮದ್ದು ಇದ್ದೂ ಜನ ಸಾಯುವುದು ಬಹುಪಾಲು ತಡಮಾಡಿದ್ದರಿಂದ, ಇಲ್ಲವೆ ಅರ್ಧಕ್ಕೆ ಬಿಟ್ಟದ್ದರಿಂದ. ಮಕ್ಕಳಿಗೆ ಒಂದು ಮಾತು ಕಲಿಸಿಡಿರಿ: “ಕಚ್ಚಿದರೆ ಬೈಯುವುದಿಲ್ಲ, ಬಂದು ಹೇಳು.” ಬೈಗುಳದ ಭಯಕ್ಕೆ ಮುಚ್ಚಿಟ್ಟ ಗಾಯವೇ ಪ್ರಾಣ ತೆಗೆಯುತ್ತದೆ.

ಖರ್ಚಿನ ಪ್ರಶ್ನೆ ನಮ್ಮಂಥವರಿಗೆ ಸಹಜ. ಈ ಊರಿನ ಪರೇಲಿನಲ್ಲಿ ಬಾಯಿ ಸಾಕರಬಾಯಿ ದಿನಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯಿದೆ. ಆ ಹೆಸರಿನ ದಿನಶಾ ಪೆಟಿಟ್ ಅವರು ಹತ್ತಿಗಿರಣಿಗಳ ಒಡೆಯರಾಗಿದ್ದವರು. ಪತ್ನಿಯ ಹೆಸರಿನಲ್ಲಿ ಮೂಕಪ್ರಾಣಿಗಳಿಗಾಗಿ ದಾನ ಮಾಡಿದರು. ಮುಂಬಯಿ ಪಶುವೈದ್ಯ ಕಾಲೇಜು 1886ರಲ್ಲಿ ಆರಂಭವಾದದ್ದೂ ಪರೇಲಿನಲ್ಲಿಯೇ. ಗಿರಣಿಯ ಅನ್ನ ತಿನ್ನುವ ನನಗೆ ಈ ಸಂಗತಿ ಓದಿದಾಗ ಸಂತೋಷವಾಯಿತು. ಲಸಿಕೆಯ ಖರ್ಚನ್ನು ರೋಗದ ಖರ್ಚಿನೊಡನೆ ಹೋಲಿಸಿ ನೋಡಿರಿ. ನನ್ನ ಹಳೆಯ ವಹಿಯಲ್ಲಿ ಸತ್ತ ಎರಡು ಮರಿಗಳ ಕೊನೆಯ ದಿನಗಳ ಸಲಾಯಿನು, ಔಷಧ, ಟ್ಯಾಕ್ಸಿಯ ಲೆಕ್ಕವಿದೆ. ಅಷ್ಟರಲ್ಲಿ ಕಾಳಿಯ ಮೂರು ವರ್ಷದ ಸೂಜಿ ಆಗಿದೆ.

ಸಂತಾನ ತಡೆಯುವ ಶಸ್ತ್ರಚಿಕಿತ್ಸೆಯನ್ನು ಪಾಪವೆಂದು ಅನೇಕರು ತಿಳಿಯುತ್ತಾರೆ. ನಾಯಿ-ಬೆಕ್ಕುಗಳ ಗರ್ಭ ಎರಡು ತಿಂಗಳ ಸುಮಾರಿನದು. ಹುಟ್ಟಿದ ಐದಾರು ಮರಿಗಳಿಗೆ ಮನೆ ಸಿಕ್ಕದೆ ಮಾರುಕಟ್ಟೆಯ ಮೂಲೆಗೆ ಬಿಟ್ಟುಬರುವುದು ಪುಣ್ಯವೇ? ಹೆಣ್ಣುನಾಯಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಬಹಳ ಸಾಮಾನ್ಯ. ಈ ಚಿಕಿತ್ಸೆ ಅದನ್ನೂ ತಡೆಯುತ್ತದೆ. ಯಾವ ವಯಸ್ಸಿಗೆ ಎಂಬುದನ್ನು ವೈದ್ಯರಲ್ಲಿ ಕೇಳಿರಿ.

ಕೊನೆಯದಾಗಿ, ನಮ್ಮವರಿಗೇ ವಿಶೇಷವಾಗಿ ಹೇಳಬೇಕಾದ ಮಾತು. ನಾವು ಹೊರನಾಡ ಕನ್ನಡಿಗರು ಮೇ ತಿಂಗಳಲ್ಲಿ ಮಕ್ಕಳ ರಜೆಗೆ ಊರಿಗೆ ಹೊರಡುತ್ತೇವೆ. ಆಗ ಗೇಟಿನ ಹೊರಗೆ ಬಿಟ್ಟ ನಾಯಿಗಳನ್ನು ನಾನು ಕಂಡಿದ್ದೇನೆ. “ಕಾವಲುಗಾರ ಅನ್ನ ಹಾಕುತ್ತಾನೆ” ಎನ್ನುತ್ತಾರೆ. ಒಂದು ತಿಂಗಳು ಬಿಟ್ಟು ಬಂದಾಗ ನಾಯಿ ಇರುವುದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾನೂನಿನಲ್ಲಿ, ಸಾಕಿದ ಪ್ರಾಣಿ ಹಸಿವೆ-ನೀರಡಿಕೆಯಿಂದ ನರಳುವಂತೆ ಕಾರಣವಿಲ್ಲದೆ ಬಿಟ್ಟುಹೋಗುವುದು ಅಪರಾಧ. ಕಾನೂನನ್ನು ಬಿಡಿ, ಸ್ವರ್ಗದ ಬಾಗಿಲಲ್ಲಿ ನಿಂತು “ಈ ನಾಯಿಯನ್ನು ಬಿಟ್ಟು ಬರಲಾರೆ” ಎಂದ ಧರ್ಮರಾಯನ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ, ಹುಬ್ಬಳ್ಳಿಯ ಗಾಡಿ ಹತ್ತುವಾಗ ಮರೆಯುತ್ತೇವೆ. ರೈಲಿನಲ್ಲಿ ನಾಯಿಯನ್ನು ಒಯ್ಯುವ ಏರ್ಪಾಡು ಇದೆ. ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಲಸಿಕೆಯ ಕಾಗದ ಇಟ್ಟುಕೊಂಡು ಹೊರಡಬಹುದು. ಆಗದಿದ್ದರೆ ನಮ್ಮನಮ್ಮೊಳಗೆ ಒಂದು ಏರ್ಪಾಡು ಮಾಡಿಕೊಳ್ಳೋಣ.

ಅದಕ್ಕಾಗಿ ಈ ವಾಚನಾಲಯದ ಮೇಜಿನ ಮೇಲೆ ಇಂದಿನಿಂದ ಒಂದು ವಹಿ ಇಡುತ್ತೇನೆ. ನಾಯಿ-ಬೆಕ್ಕು ಇರುವ ಸದಸ್ಯರು ತಮ್ಮ ಪ್ರಾಣಿಯ ಹೆಸರು, ರೇಬೀಸ್ ಲಸಿಕೆಯ ಮುಂದಿನ ತಾರೀಖು, ಊರಿಗೆ ಹೋಗುವ ದಿನಗಳನ್ನು ಅದರಲ್ಲಿ ಬರೆಯಲಿ. ತಾರೀಖು ಹತ್ತಿರ ಬಂದಾಗ ನಾನು ನೆನಪಿಸುತ್ತೇನೆ. ಊರಲ್ಲಿ ಉಳಿಯುವವರು ಹೋಗುವವರ ಪ್ರಾಣಿಯನ್ನು ನೋಡಿಕೊಳ್ಳಲಿ. ಮುಂದಿನ ಸಲ ಅವರು ಇವರದನ್ನು. ಮೊದಲ ಸಾಲಿನಲ್ಲಿ ಕಾಳಿಯ ಹೆಸರನ್ನು ಬರೆದಿದ್ದೇನೆ. ಉಳಿದ ಪುಟಗಳು ನಿಮ್ಮವು.